ಬೆಳಗಾವಿಯ ಬರಿಗಾಲು, ಮುಂಬಯಿಯ ಮಹಾ ಓಟ

ಜನವರಿ ತಿಂಗಳ ಒಂದು ಭಾನುವಾರ ಮುಂಜಾನೆ ಗ್ರಾಂಟ್ ರೋಡಿನಿಂದ ಚೌಪಾಟಿಗೆ ನಡೆದುಹೋದವರಿಗೆ, ಕಡಲ ದಂಡೆಯುದ್ದಕ್ಕೂ ಓಡುವ ಜನಪ್ರವಾಹವು ಕಾಣದಿರದು. ಇದು 2004ರಲ್ಲಿ ಆರಂಭವಾದ ಮುಂಬಯಿ ಮ್ಯಾರಥಾನ್. 2025ರಲ್ಲಿ ಅದರ ನಾನಾ ಓಟಗಳಿಗೆ ಹೆಸರು ಕೊಟ್ಟವರು 60 ಸಾವಿರಕ್ಕೂ ಹೆಚ್ಚು. ಇಂತಹ ಓಟಗಳು ನಮ್ಮ ದೇಶದಲ್ಲಿ ಬೆಳೆದ ಬಗೆಯನ್ನು ವಿಚಾರಿಸುತ್ತ ಹಿಂದಕ್ಕೆ ಹೋದರೆ, ಮೊದಲ ಮೆಟ್ಟಿಲಿನ ಮೇಲೆ ನಮ್ಮ ಬೆಳಗಾವಿಯವರೊಬ್ಬರು ನಿಂತಿರುವುದು ಕಾಣುತ್ತದೆ.

1919ರಲ್ಲಿ ಪುಣೆಯ ಡೆಕ್ಕನ್ ಜಿಮಖಾನಾದ ಕ್ರೀಡಾಕೂಟವನ್ನು ಸರ್ ದೊರಾಬ್ಜಿ ಟಾಟಾ ಅವರು ನೋಡಿದರು. ಓಡಿದವರಲ್ಲಿ ಹೆಚ್ಚಿನವರು ಬರಿಗಾಲಿನ ಒಕ್ಕಲುಮಕ್ಕಳು. ಆದರೂ ಅವರ ವೇಗವು ಯುರೋಪಿನವರ ವೇಗದೊಡನೆ ಹೋಲಿಸುವಂತಿತ್ತು. ಇದರಿಂದ ಹುಟ್ಟಿದ ಯತ್ನದ ಫಲವಾಗಿ 1920ರಲ್ಲಿ ಆಂಟ್‌ವರ್ಪ್ ಒಲಿಂಪಿಕ್ ಕೂಟಕ್ಕೆ ಚಿಕ್ಕದೊಂದು ತಂಡ ಹೊರಟಿತು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಅವರು ಅಲ್ಲಿ 42.75 ಕಿಲೋಮೀಟರಿನ ಮ್ಯಾರಥಾನನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ 19ನೆಯವರಾದರು. ಜೊತೆಗೆ ಓಡಿದ ಸದಾಶಿವ ದಾತಾರರಿಗೆ ಗುರಿ ಮುಟ್ಟಲಾಗಲಿಲ್ಲ. ಬೆಳಗಾವಿ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಆದುದರಿಂದ ಚೌಗುಲೆಯವರು ನಮ್ಮ ತವರಿಗೂ ಈ ನಗರಕ್ಕೂ ಸಲ್ಲುವವರು.

ಆ ಬಳಿಕ ಬಹುಕಾಲ ದೂರದ ಓಟವು ಆಯ್ದ ಕೆಲವರ ಪಾಲಿಗೇ ಉಳಿಯಿತು. 1983ರಲ್ಲಿ ಪುಣೆಯ ಅಂತರರಾಷ್ಟ್ರೀಯ ಮ್ಯಾರಥಾನ್ ಮೊದಲಾಯಿತು. ಮುಂಬಯಿಯ ಓಟದ ಹಿಂದೆಯೇ 2005ರಲ್ಲಿ ದಿಲ್ಲಿಯ ಅರ್ಧ ಮ್ಯಾರಥಾನ್, 2008ರಲ್ಲಿ ಬೆಂಗಳೂರಿನ 10 ಕಿಲೋಮೀಟರ್ ಓಟ ಬಂದವು. ಈಜು, ಸೈಕಲ್, ಓಟ ಮೂರೂ ಕೂಡಿದ ಟ್ರಯಥ್ಲಾನ್ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1974ರಲ್ಲಿ ಹುಟ್ಟಿದುದು. 1978ರಲ್ಲಿ ಹವಾಯಿಯ ಮೊದಲ ಐರನ್‌ಮ್ಯಾನ್ ಸ್ಪರ್ಧೆಗೆ ಇಳಿದವರು 15 ಮಂದಿ, ಮುಗಿಸಿದವರು 12 ಮಂದಿ ಮಾತ್ರ. 2019ರಲ್ಲಿ ಅದರ ಅರ್ಧದಷ್ಟು ದೂರದ ಸ್ಪರ್ಧೆ ನಮ್ಮ ನೆರೆಯ ಗೋವೆಗೂ ಬಂತು.

ಸಂಖ್ಯೆ ಹೀಗೆ ಏರಿದುದಕ್ಕೆ ಕಾರಣವೇನು? ಹಿಂದೆ ಗೆಲ್ಲಬಲ್ಲವನನ್ನು ಆರಿಸಿ ಓಡಿಸುತ್ತಿದ್ದರು. ಇಂದು ಮುಗಿಸಬೇಕೆಂಬ ಹಂಬಲವುಳ್ಳವರೂ ಓಡಬಹುದು. ಇದು ಸಣ್ಣ ಲಾಭವಲ್ಲ. ಆದರೆ ಪ್ರವೇಶಶುಲ್ಕ, ಪಾದರಕ್ಷೆ, ಅಭ್ಯಾಸಕ್ಕೆ ಬಿಡುವು ಇವೆಲ್ಲ ಬೇಕು. ಬೆಳಗಾಗುವ ಮೊದಲೇ ಹೋಟೆಲಿನ ಒಲೆ ಹೊತ್ತಿಸುವ ನಮ್ಮ ಹುಡುಗನಿಗೆ ಅವು ಎಲ್ಲಿಯವು? ಬರಿಗಾಲಿನವರಿಂದ ಮೊದಲಾದ ಚರಿತ್ರೆಯಲ್ಲಿ ಬರಿಗಾಲಿನವನೇ ಹಗ್ಗದ ಆಚೆ ನಿಲ್ಲಬಾರದು. ನಮ್ಮ ಸಂಘಗಳು ವರ್ಷಕ್ಕೆ ಒಬ್ಬಿಬ್ಬರು ಹುಡುಗರ ಶುಲ್ಕವನ್ನಾದರೂ ಭರಿಸಲಾರವೇ?

ಬರುವ ಜನವರಿಯಲ್ಲಿ ಮಕ್ಕಳನ್ನು ಚೌಪಾಟಿಗೆ ಕರೆದೊಯ್ಯೋಣ. ಓಡುವವರನ್ನು ತೋರಿಸುತ್ತ ಫಡೆಪ್ಪನವರ ಹೆಸರನ್ನೂ ಹೇಳೋಣ.