ಹುಬ್ಬಳ್ಳಿ–ಧಾರವಾಡದಲ್ಲಿ ಯೇಸುವಿನ ಶಿಷ್ಯರು

ಹುಬ್ಬಳ್ಳಿ–ಧಾರವಾಡ ಸೀಮೆಯ ಕ್ರೈಸ್ತ ಇತಿಹಾಸವೆಂದರೆ ಶಾಲೆ, ದವಾಖಾನೆ, ನಿಘಂಟು ಎಂದು ಬರೆದವರು ಬಹಳ. ಯೇಸುವಿನ ಶಿಷ್ಯನಾಗಿ ಈ ನೆಲದಲ್ಲಿ ಬಾಳುವುದು ಹೇಗೆ ಎಂಬ ವಿಚಾರ ಇಲ್ಲಿ ಬೆಳೆದ ಬಗೆಯನ್ನು ಕೇಳಿದವರು ಕಡಿಮೆ. ಇದ್ದುದನ್ನು ಬಿಟ್ಟು ಬರುವುದೇ ಶಿಷ್ಯತ್ವ ಎಂದು ಶುರುವಾದ ಆ ವಿಚಾರ, ನೆರೆಯವರ ಬದುಕಿನೊಳಕ್ಕೆ ಇಳಿಯುವುದೂ ಶಿಷ್ಯತ್ವವೇ ಎನ್ನುವಲ್ಲಿಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ ಅವರ ಕೇಂದ್ರಗಳಾದವು. ಮನಸ್ಸು ತಿರುಗಬೇಕು, ನಡತೆ ಬದಲಾಗಬೇಕು, ಮೈಮುರಿದು ದುಡಿಯಬೇಕು ಎಂಬುದು ಅವರ ಭಕ್ತಿಯ ರೀತಿ. ಆದರೆ ದೀಕ್ಷಾಸ್ನಾನ ಪಡೆದವನಿಗೆ ಮನೆ, ಜಾತಿ, ಕಸುಬು ಮೂರೂ ಒಟ್ಟಿಗೆ ಕೈತಪ್ಪುತ್ತಿದ್ದವು. ಅಂಥವರಿಗಾಗಿ ಗದಗಿನ ಹತ್ತಿರ ಮಳಸಮುದ್ರದಲ್ಲಿ ಬೇಸಾಯದ ವಸಾಹತು ಮಾಡಿದರು; ಮುಂದೆ ಬೇರೆ ಬೇರೆ ಕಡೆ ನೇಯ್ಗೆ, ಹೆಂಚಿನ ಕಾರ್ಖಾನೆಗಳು ಬಂದವು. ಆ ಶಿಷ್ಯರು ತೆತ್ತ ಬೆಲೆ ಸಣ್ಣದಲ್ಲ. ಆದರೂ ಸಂಬಳ ಕೊಡುವವನೂ ಉಪದೇಶ ಹೇಳುವವನೂ ಒಬ್ಬನೇ ಆದಾಗ, ಹಿಂಬಾಲಿಸಿದ್ದು ಯೇಸುವನ್ನೋ ಮಿಷನ್ನನ್ನೋ ಎಂಬ ಪ್ರಶ್ನೆ ಉಳಿದೇ ಇತ್ತು. 1876–78ರ ಬರಗಾಲ ಅದನ್ನು ಇನ್ನೂ ಹರಿತಗೊಳಿಸಿತು. ಹಸಿದು ಸಭೆಗೆ ಬಂದವರ ನಂಬಿಕೆಯನ್ನು ತಕ್ಕಡಿಗೆ ಹಾಕುವ ಹಕ್ಕು ಮಾತ್ರ ಯಾರಿಗೂ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಇದೇ ಮಿಷನ್ನಿನಿಂದ 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಮೊದಲು ಕೆಲಸ ಮಾಡಿದ್ದು ಈ ಭಾಗದಲ್ಲೇ. ಅವರ 1894ರ ಕನ್ನಡ ನಿಘಂಟಿನ ನೆರಳಿನಲ್ಲಿ 1862ರ ‘ಕಥಾಮಾಲೆ’ ಮರೆಯಾಗಿದೆ. ಯೇಸುವಿನ ಜೀವನವನ್ನು ಈ ನಾಡಿನ ಛಂದಸ್ಸಿನಲ್ಲಿ ಹೇಳಿದ ಕೃತಿ ಅದು. ಕನ್ನಡಿಗರ ನಡುವೆ ಕನ್ನಡಿಗನಾಗುವ ಹಂಬಲ ಅಲ್ಲಿ ಎದ್ದು ಕಾಣುತ್ತದೆ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬಂಧಿಸಿ ಹೊರಹಾಕಿದಾಗ ಸಭೆಗಳ ಹೊಣೆ ಊರಿನವರ ಹೆಗಲಿಗೆ ಬಿತ್ತು. ಆ ತಲೆಮಾರಿನ ಅತಿ ದೊಡ್ಡ ಹೆಸರು ಧಾರವಾಡದಲ್ಲಿ 1881ರಲ್ಲಿ ಹುಟ್ಟಿದ ರೆವರೆಂಡ್ ಉತ್ತಂಗಿ ಚನ್ನಪ್ಪನವರದು. ಸಭೆಯ ಪಾಲಕರಾಗಿದ್ದುಕೊಂಡೇ ಅವರು ಸರ್ವಜ್ಞನ ಬೆನ್ನು ಹತ್ತಿದರು. ಓಲೆಗರಿ, ಕೈಬರಹದ ಪ್ರತಿ, ಜನರ ಬಾಯಿಮಾತು ಎಲ್ಲವನ್ನೂ ಕೂಡಿಸಿ, ಪಾಠಾಂತರಗಳನ್ನು ತಾಳೆ ನೋಡಿ, ಎರಡು ಸಾವಿರದಷ್ಟು ತ್ರಿಪದಿಗಳನ್ನು 1924ರಲ್ಲಿ ಹೊರತಂದರು. ಆಮೇಲೆ ಶರಣರಾದ ಸಿದ್ಧರಾಮ, ಮೋಳಿಗೆ ಮಾರಯ್ಯ, ಅನುಭವ ಮಂಟಪದ ಚರಿತ್ರೆ ಇವುಗಳ ಮೇಲೆ ಕೆಲಸ ಮಾಡಿದರು. ಪಾದ್ರಿಯೊಬ್ಬರ ಬಿಡುವಿನ ಹವ್ಯಾಸ ಎಂದು ಇದನ್ನು ಓದುವವರಿದ್ದಾರೆ. ನಾನು ಒಪ್ಪುವುದಿಲ್ಲ. ನೆರೆಯವರನ್ನು ಪ್ರೀತಿಸು ಎಂದ ಗುರುವಿನ ಮಾತನ್ನು ಪಾಲಿಸಲು, ನೆರೆಯವರು ಪ್ರಾಣದಂತೆ ಕಾಪಾಡಿಕೊಂಡ ಮಾತುಗಳನ್ನು ವರ್ಷಗಟ್ಟಲೆ ಕಿವಿಗೊಟ್ಟು ಕೇಳಿದರು ಅವರು. 1949ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಕನ್ನಡಿಗರು ಅವರನ್ನು ಅಧ್ಯಕ್ಷರನ್ನಾಗಿ ಮಾಡಿಕೊಂಡರು.

ಅದೇ ಕಾಲದ ಜರ್ಮನಿಯಲ್ಲಿ ಪಾದ್ರಿ ಡೀಟ್ರಿಶ್ ಬೊನ್‌ಹಾಫರ್ 1937ರಲ್ಲಿ ಶಿಷ್ಯತ್ವದ ಮೇಲೆ ಪುಸ್ತಕ ಬರೆದು, ಹಿಂಬಾಲಿಸದವನು ಬಯಸುವ ಕೃಪೆ ಅಗ್ಗದ ಕೃಪೆ ಎಂದು ವಾದಿಸಿದರು. 1945ರಲ್ಲಿ ನಾಜಿಗಳು ಅವರನ್ನು ಗಲ್ಲಿಗೇರಿಸಿದರು. ಅವರ ಎದುರಿಗಿದ್ದುದು ದಬ್ಬಾಳಿಕೆಯ ಪ್ರಭುತ್ವ, ಉತ್ತಂಗಿಯವರ ಎದುರಿಗಿದ್ದುದು ಬೇರೆ ನಂಬಿಕೆಯ ನೆರೆಮನೆ. ಕ್ರೈಸ್ತ ಚಿಂತನೆಯಲ್ಲಿ ಇಬ್ಬರಿಗೂ ಸಮನಾದ ಜಾಗ ಸಿಗಬೇಕು.

ಕ್ಯಾಥೋಲಿಕರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ನೆರೆಯವರ ನಂಬಿಕೆಗೆ ಕಿವಿಗೊಡುವ ಈ ಬಗೆಯ ಹುಡುಕಾಟಕ್ಕೆ ಬಾಗಿಲು ತೆರೆಯಿತು. ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿ ಜೆಸ್ವಿಟ್ ಗುರುಗಳು ಕಾವಿ ಉಟ್ಟು, ಲಿಂಗಾಯತ ವಿರಕ್ತ ಮಠದ ರೀತಿಯಲ್ಲಿ ಪೂಜೆ ನಡೆಸಿದರು. ಅದರ ಪ್ರಾಮಾಣಿಕತೆಯ ಬಗ್ಗೆ ನನಗೆ ಗೌರವವಿದೆ. ಆದರೆ ಜಾತಿಯ ಏಟು ತಿಂದು ಸಭೆಗೆ ಬಂದ ದಲಿತ ಕ್ರೈಸ್ತರಿಗೆ ಕಾವಿ ಏನು ಹೇಳುತ್ತದೆ? ಸಭೆಗಳೊಳಗೆ, ಮದುವೆ ಸಂಬಂಧಗಳಲ್ಲಿ ಜಾತಿ ಇನ್ನೂ ಉಳಿದಿರುವಾಗ ಈ ಪ್ರಶ್ನೆಯನ್ನು ಬದಿಗಿಟ್ಟು ಶಿಷ್ಯತ್ವದ ಮಾತು ಮುಂದೆ ಸಾಗದು.

ಇನ್ನು ಆಗಬೇಕಾದ ಕೆಲಸ ಮಿಷನ್ನಿನ ಉಪದೇಶಿಗಳ, ‘ಬೈಬಲ್ ಹೆಣ್ಣುಮಕ್ಕಳ’ ಚರಿತ್ರೆಯನ್ನು ಬರೆಯುವುದು. ಸಂತೆ, ಜಾತ್ರೆ, ಓಣಿ ತಿರುಗಿ ಸುವಾರ್ತೆ ಹೇಳಿದ ಇವರ ಸ್ವಂತ ಮಾತು ಬಾಸೆಲ್‌ಗೆ ಹೋದ ವರದಿಗಳಲ್ಲಿ ಅಪರೂಪ. ಸಭೆಗಳ ದೀಕ್ಷಾಸ್ನಾನದ ದಫ್ತರು, ಕುಟುಂಬಗಳ ಹಳೆಯ ಕಾಗದಪತ್ರ, ಹಿರಿಯರ ನೆನಪು, ಇವಿಷ್ಟನ್ನು ಈ ತಲೆಮಾರಿನಲ್ಲೇ ಬರೆದಿಟ್ಟುಕೊಳ್ಳಬೇಕು.