ಬಾಗಿಲಲ್ಲಿ ಯಾರಿದ್ದಾರೆ?

ವಿಡಿಯೊ ಗೇಮಿಗೂ ಚೀಕಲಪರ್ವಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಾನ್ವಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಗಿರುವ ಈ ಊರು ಹರಿದಾಸ ಸಾಹಿತ್ಯ ಬಲ್ಲವರಿಗೆ ವಿಜಯದಾಸರು ಹುಟ್ಟಿದ ಊರೆಂದೇ ಪರಿಚಿತ. ಆದರೆ ಇಂದು ಅಲ್ಲಿಯ ಕಟ್ಟೆಯ ಮೇಲೆ ಸಂಜೆ ಹೊತ್ತು ಕೂತ ಹುಡುಗರನ್ನು ನೋಡಿ. ನಾಲ್ಕು ತಲೆಗಳು ನಾಲ್ಕು ಫೋನುಗಳ ಮೇಲೆ ಬಾಗಿರುತ್ತವೆ. 'ಹಿಂದ್ ಅದಾನ ನೋಡಲೇ, ಹೊಡಿ, ಹೊಡಿ' ಎಂಬ ಕೂಗು ಕೇಳುತ್ತದೆ. ಹೊಡೆಸಿಕೊಂಡವನು ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ. ರಾಯಚೂರಿನಲ್ಲಿರಲಿ, ದೇವದುರ್ಗದಲ್ಲಿರಲಿ, ನಿಮ್ಮ ಮನೆಯ ಪಡಸಾಲೆಯಲ್ಲೂ ಇದೇ ಕೂಗು ಇದ್ದೀತು.

ಮಾನ್ವಿಯಲ್ಲಿರುವ ನನ್ನ ತಂಗಿಯ ಮಗನಿಗೆ ಈಗ ಹನ್ನೆರಡು ವರ್ಷ. ಒಂದು ದಿನ ಅವಳು ಬೇಸತ್ತು, 'ಅಕ್ಕಾ, ಈ ಫೋನ್ ಹೊಳಿಗೆ ಒಗದ ಬಿಡ್ಲೇನು?' ಎಂದು ಕೇಳಿದಳು. ಹೊಳೆ ದೂರವಿಲ್ಲ, ಒಗೆಯಬಹುದು. ಆದರೆ ಪಾಠವೂ ಅದರಲ್ಲೇ ಬರುತ್ತದೆ, ಗಂಡನ ಸಂಬಳದ ಮೆಸೇಜೂ ಅದರಲ್ಲೇ ಬರುತ್ತದೆ. ಅವಳ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಈ ಆಟಗಳ ಇತಿಹಾಸವನ್ನು ಸ್ವಲ್ಪ ಓದಿಕೊಂಡೆ. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ.

ನಮ್ಮ ಕಾಲದ ಆಟಗಳೆಲ್ಲ ಸಾಧುವಾಗಿದ್ದವು ಎಂಬ ಮಾತನ್ನು ಮೊದಲು ಬಿಡೋಣ. ನಮ್ಮ ಸೀಮೆಯ ಬಯಲಾಟದಲ್ಲಿ ಭೀಮ ದುರ್ಯೋಧನನ ತೊಡೆ ಮುರಿಯುತ್ತಿದ್ದ, ದುಶ್ಯಾಸನನ ಎದೆ ಬಗೆಯುತ್ತಿದ್ದ. ಅದನ್ನು ಕಂಡ ಹುಡುಗರು ಮರುದಿನ ಬಿದಿರಿನ ಬಿಲ್ಲು, ಜೋಳದ ದಂಟಿನ ಬಾಣ ಹಿಡಿದು ಓಣಿಯಲ್ಲಿ ಕುರುಕ್ಷೇತ್ರ ನಡೆಸುತ್ತಿದ್ದರು. ವ್ಯತ್ಯಾಸ ಇಷ್ಟೇ: ಬಯಲಾಟ ನೋಡುವಾಗ ಮಗು ಅಜ್ಜಿಯ ತೊಡೆಯ ಮೇಲಿರುತ್ತಿತ್ತು. ಆ ಸಾವು ಯಾಕೆ ಬಂತು, ಯಾರು ಅತ್ತರು ಎಂಬುದನ್ನು ಅಜ್ಜಿ ಹೇಳುತ್ತಿದ್ದಳು. ಓಣಿಯ ಯುದ್ಧಕ್ಕೂ ಊರೇ ಸಾಕ್ಷಿಯಾಗಿತ್ತು. ಕಲ್ಲು ಜೋರಾಗಿ ಬಿದ್ದರೆ ಯಾವ ಮನೆಯವರಾದರೂ ಬಂದು ಕಿವಿ ಹಿಂಡುತ್ತಿದ್ದರು.

ಆಮೇಲೆ ಸಿನಿಮಾ ಬಂತು. ನಮ್ಮ ದೇಶದ ಸಿನಿಮಾಟೋಗ್ರಾಫ್ ಕಾಯ್ದೆ 1952ರದು. ಎಲ್ಲರಿಗೂ 'ಯು', ವಯಸ್ಕರಿಗೆ ಮಾತ್ರ 'ಎ' ಎಂಬ ಎರಡು ಪ್ರಮಾಣಪತ್ರಗಳೇ ಬಹುಕಾಲ ನಡೆದವು. 1983ರಲ್ಲಿ, ಹಿರಿಯರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ 'ಯುಎ' ಸೇರಿತು. 2023ರ ತಿದ್ದುಪಡಿ ಈ 'ಯುಎ'ಯನ್ನು 7+, 13+, 16+ ಎಂದು ಮೂರಾಗಿ ಒಡೆಯಿತು. 'ಎ' ಚಿತ್ರಕ್ಕೆ ಹದಿನೆಂಟು ತುಂಬದವರನ್ನು ಬಿಡಬಾರದು ಎಂಬುದು ಕಾನೂನು. ಎಷ್ಟು ಟಾಕೀಸುಗಳು ಅದನ್ನು ಪಾಲಿಸಿದವು ಎಂಬ ಮಾತು ಬೇರೆ. ಆದರೆ ಬಾಗಿಲಲ್ಲಿ ಟಿಕೆಟ್ ಹರಿಯುವ ಒಬ್ಬ ಮನುಷ್ಯನಾದರೂ ಇರುತ್ತಿದ್ದ. ಮೀಸೆ ಮೂಡದವನನ್ನು ಕಂಡರೆ 'ಮನೀಗೆ ನಡೀ' ಎನ್ನುವ ಅಧಿಕಾರ ಅವನಿಗಿತ್ತು.

ವಿಡಿಯೊ ಗೇಮಿನ ಜಗಳ ಮೊದಲು ಎದ್ದದ್ದು ಅಮೆರಿಕದಲ್ಲಿ. 1976ರಲ್ಲಿ ಅಲ್ಲಿ 'ಡೆತ್ ರೇಸ್' ಎಂಬ ಆಟ ಬಂತು. ಕಡ್ಡಿಯಂಥ ಆಕೃತಿಗಳ ಮೇಲೆ ಕಾರು ಹರಿಸಬೇಕು, ಹರಿಸಿದಲ್ಲಿ ಶಿಲುಬೆಯ ಗುರುತು ಮೂಡುತ್ತದೆ. ಇಂದು ನೋಡಿದರೆ ನಗು ಬರುವಷ್ಟು ಒರಟು ಚಿತ್ರ, ಆದರೂ ಅಂದು ದೊಡ್ಡ ಗದ್ದಲವಾಯಿತು. 1992ರಲ್ಲಿ 'ಮಾರ್ಟಲ್ ಕಾಂಬ್ಯಾಟ್' ಬಂದಾಗ ರಕ್ತ ನಿಜವಾಗಿಯೂ ಚಿಮ್ಮತೊಡಗಿತು. ಅದು ಮನೆಯ ಟಿವಿಗೆ ಬಂದದ್ದು 1993ರಲ್ಲಿ. ನಿಂಟೆಂಡೊ ಕಂಪನಿ ತನ್ನ ಆವೃತ್ತಿಯಲ್ಲಿ ರಕ್ತದ ಬದಲು ಬೆವರು ತೋರಿಸಿತು. ಸೆಗಾ ಕಂಪನಿಯದರಲ್ಲಿ ಒಂದು ಗುಪ್ತ ಸಂಕೇತ ಒತ್ತಿದರೆ ರಕ್ತ ಬರುತ್ತಿತ್ತು. ಆ ವರ್ಷದ ಡಿಸೆಂಬರಿನಲ್ಲಿ ಸೆನೆಟರ್ ಜೋ ಲೀಬರ್‌ಮನ್ ಮುಂತಾದವರು ವಿಚಾರಣೆ ನಡೆಸಿದರು. ಸರ್ಕಾರ ಕಾನೂನು ತಂದೀತೆಂಬ ಭಯದಿಂದ ಕಂಪನಿಗಳೇ 1994ರಲ್ಲಿ ವಯಸ್ಸಿನ ಶ್ರೇಣಿ ಕೊಡುವ ಮಂಡಳಿ ಕಟ್ಟಿಕೊಂಡವು. ಯುರೋಪಿನಲ್ಲಿ 2003ರಲ್ಲಿ ಅಂಥದೇ ವ್ಯವಸ್ಥೆ ಬಂತು. ಹಿಂಸೆಯ ಆಟಗಳನ್ನು ಮಕ್ಕಳಿಗೆ ಮಾರಬಾರದೆಂದು ಕ್ಯಾಲಿಫೋರ್ನಿಯಾ ರಾಜ್ಯ ಮಾಡಿದ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 2011ರಲ್ಲಿ ರದ್ದುಮಾಡಿತು. ಹಾಗಾಗಿ ಅಲ್ಲಿಯೂ ಕೊನೆಗೆ ಉಳಿದದ್ದು ಡಬ್ಬಿಯ ಮೇಲಿನ ಒಂದು ಅಕ್ಷರ, ಮತ್ತು ಅದನ್ನು ಓದುವ ತಂದೆ ತಾಯಿ.

ನಮ್ಮಲ್ಲಿ ಡಬ್ಬಿಯೂ ಇರಲಿಲ್ಲ, ಅಕ್ಷರವೂ ಇರಲಿಲ್ಲ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಕ್ಯಾಸೆಟ್ಟಿನಲ್ಲಿ 'ಕಾಂಟ್ರಾ' ಬಂತು. ಇಬ್ಬರು ಸೈನಿಕರು ಗುಂಡು ಹಾರಿಸುತ್ತ ಓಡುವ ಆಟ. ಅದು ಯಾವ ವಯಸ್ಸಿನವರಿಗೆ ಎಂದು ಯಾರೂ ಕೇಳಲಿಲ್ಲ. ಮುಂದೆ ಅಗ್ಗದ ಇಂಟರ್ನೆಟ್ಟಿನ ಜೊತೆ 'ಪಬ್ಜಿ' ಹಳ್ಳಿಗೂ ಬಂತು. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಇತರ 117 ಆ್ಯಪ್‌ಗಳ ಜೊತೆ ಅದನ್ನು ನಿಷೇಧಿಸಿತು. ಕೊಟ್ಟ ಕಾರಣ ದೇಶದ ಭದ್ರತೆ, ಮಕ್ಕಳ ಮನಸ್ಸಲ್ಲ. 2021ರ ಜುಲೈಯಲ್ಲಿ ಅದರದೇ ರೂಪ ಬೇರೆ ಹೆಸರಿನಲ್ಲಿ ಬಂದಾಗ ರಕ್ತದ ಬಣ್ಣ ಹಸಿರಾಗಿತ್ತು. ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆ, ಹಿರಿಯರ ಫೋನ್ ನಂಬರ್ ಬೇಕು ಎಂಬ ನಿಯಮವಿತ್ತು. ನಿಯಮ ಒಳ್ಳೆಯದೇ. ಆದರೆ ನಮ್ಮ ಮನೆಗಳಲ್ಲಿ ಅಮ್ಮನ ನಂಬರಿರುವ ಫೋನೇ ಮಗನ ಕೈಯಲ್ಲಿರುತ್ತದೆ. ಅನುಮತಿ ಕೇಳುವವನೂ ಅವನೇ, ಕೊಡುವವನೂ ಅವನೇ!

ಕರ್ನಾಟಕ ಸರ್ಕಾರ 2021ರಲ್ಲಿ ತಂದ ತಿದ್ದುಪಡಿ ಹಣ ಕಟ್ಟುವ ಆನ್‌ಲೈನ್ ಆಟಗಳ ಮೇಲಿತ್ತು. ಅದರ ಮುಖ್ಯ ಕಲಮುಗಳನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದುಪಡಿಸಿತು. 2025ರಲ್ಲಿ ಸಂಸತ್ತು ಮಾಡಿದ ಕಾಯ್ದೆಯ ನಿಷೇಧವೂ ಹಣದ ಆಟಗಳಿಗೇ. ಜೂಜು ಕಾನೂನಿನ ಕಣ್ಣಿಗೆ ಬಿದ್ದಷ್ಟು ಬೇಗ ಹಿಂಸೆ ಬೀಳಲಿಲ್ಲ.

2019ರ ಸೆಪ್ಟೆಂಬರಿನಲ್ಲಿ ಬೆಳಗಾವಿ ಹತ್ತಿರದ ಕಾಕತಿಯಿಂದ ಬಂದ ಸುದ್ದಿ ನಿಮಗೆ ನೆನಪಿರಬಹುದು. ಆಟ ಬಿಡು ಎಂದ ತಂದೆಯನ್ನು ಮಗ ಕೊಂದ ಸುದ್ದಿ. ಅದನ್ನು ಓದಿದ ರಾತ್ರಿ ಎಷ್ಟು ತಾಯಂದಿರಿಗೆ ನಿದ್ದೆ ಬಂದಿರಲಿಕ್ಕಿಲ್ಲ. ಆದರೆ ಆ ಮಗ ಇಪ್ಪತ್ತು ದಾಟಿದವನು. ವಯಸ್ಸಿನ ಯಾವ ಚೀಟಿಯೂ ಅವನನ್ನು ತಡೆಯುತ್ತಿರಲಿಲ್ಲ. ಒಂದು ಭಯಂಕರ ಘಟನೆಯಿಂದ ಆಟವಾಡುವ ಪ್ರತಿ ಹುಡುಗನನ್ನೂ ಕೊಲೆಗಾರನಂತೆ ನೋಡುವುದು ನ್ಯಾಯವಲ್ಲ. ಅಮೆರಿಕದ ಮನಶ್ಶಾಸ್ತ್ರ ಸಂಘ 2020ರಲ್ಲಿ ಹೇಳಿದ್ದು ಇದನ್ನೇ: ಇಂಥ ಆಟಗಳಿಗೂ ಕಿರುಚುವುದು, ತಳ್ಳುವುದು ಮುಂತಾದ ಸಿಡುಕಿಗೂ ಸಣ್ಣ ಸಂಬಂಧ ಕಾಣುತ್ತದೆ, ಕೊಲೆಯಂಥ ಹಿಂಸೆಗೆ ಆಟವೇ ಕಾರಣ ಎನ್ನಲು ಸಾಕಷ್ಟು ಆಧಾರವಿಲ್ಲ. ಆಟದ ಗೀಳನ್ನು ಮಾತ್ರ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ರೋಗಗಳ ಪಟ್ಟಿಗೆ ಒಪ್ಪಿಕೊಂಡಿದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಇದಕ್ಕಾಗಿ 'ಶಟ್' ಎಂಬ ಕ್ಲಿನಿಕ್ ತೆರೆಯಿತು. ಊಟ, ನಿದ್ದೆ, ಶಾಲೆ, ಗೆಳೆಯರು ಎಲ್ಲವನ್ನೂ ಆಟ ನುಂಗಿದರೆ ಬೈಗುಳದಿಂದ ಪ್ರಯೋಜನವಿಲ್ಲ, ವೈದ್ಯರ ಬಳಿ ಹೋಗಬೇಕು.

ಹಾಗಾದರೆ ತಂಗಿಗೆ ನಾನು ಏನು ಹೇಳಿದೆ? ಫೋನಿನಲ್ಲಿ ಆಟ ಇಳಿಸಿಕೊಳ್ಳುವ ಪ್ಲೇ ಸ್ಟೋರಿನಲ್ಲಿ ಆಟದ ಹೆಸರಿನ ಹತ್ತಿರ 3+, 7+, 12+, 16+, 18+ ಎಂಬ ಗುರುತು ಇರುತ್ತದೆ. ಆಟ ಮಾಡಿದವರು ಪ್ರಶ್ನಾವಳಿಯೊಂದಕ್ಕೆ ಕೊಟ್ಟ ಉತ್ತರದಿಂದ ಅದು ಬರುತ್ತದೆ. ಬೇಳೆ ಪೊಟ್ಟಣದ ತಾರೀಖು ನೋಡುವ ನಾವು ಇದನ್ನು ನೋಡಲಾರೆವೆ? ಅದೇ ಸ್ಟೋರಿನ ಸೆಟ್ಟಿಂಗ್ಸಿನಲ್ಲಿ ಪೋಷಕರ ನಿಯಂತ್ರಣ ಎಂಬುದಿದೆ. ನಾಲ್ಕು ಅಂಕಿಯ ಗುಪ್ತಸಂಖ್ಯೆ ಹಾಕಿ ವಯಸ್ಸಿನ ಗೆರೆ ಎಳೆಯಬಹುದು. ಆ ಸಂಖ್ಯೆ ಮಗನ ಹುಟ್ಟಿದ ವರ್ಷವಾಗದಿದ್ದರೆ ಸರಿ! ಒಂದು ದಿನ ಅವನ ಪಕ್ಕ ಕೂತು, 'ನನಗೂ ಕಲಿಸಪ್ಪಾ' ಎಂದು ಅವನ ಆಟವನ್ನು ಆಡಿ ನೋಡು ಎಂದೆ. ಅಜ್ಜಿ ಬಯಲಾಟದಲ್ಲಿ ಮಾಡುತ್ತಿದ್ದ ಕೆಲಸ ಅದೇ.

ಕೊನೆಯ ಮಾತು ಮನೆಯ ಯಜಮಾನರಿಗೆ. ಮಗ ಕೆಟ್ಟರೆ 'ತಾಯಿ ನೋಡಲಿಲ್ಲ' ಎನ್ನುವುದು ನಮ್ಮಲ್ಲಿ ಬಲು ಸುಲಭ. ಫೋನ್ ತಂದುಕೊಟ್ಟವರು ಅವರು, ರೀಚಾರ್ಜ್ ಮಾಡಿಸುವವರು ಅವರು, ಊಟಕ್ಕೆ ಕೂತಾಗಲೂ ಕೈಯಿಂದ ಫೋನ್ ಬಿಡದವರೂ ಅವರೇ. ಟಾಕೀಸಿನ ಬಾಗಿಲು ಕಾಯುವವನಿಗೆ ಸಂಬಳವಿತ್ತು. ಮನೆಯ ಬಾಗಿಲು ಕಾಯುವುದಕ್ಕೆ ಸಂಬಳವಿಲ್ಲ, ಪಾಳಿಯಾದರೂ ಇರಲಿ. ಬೆಳಿಗ್ಗೆ ಅವಳು ನಿಂತರೆ, ಸಂಜೆ ಅವರೂ ನಿಲ್ಲಲಿ.