ಜಯಪತ್ರದಿಂದ ದೃಢೀಕೃತ ನಕಲಿನವರೆಗೆ: ನ್ಯಾಯದ ಬರಹ ಮತ್ತು ಬರಹದ ಬೆಲೆ

ನ್ಯಾಯತೀರ್ಮಾನದ ಚರಿತ್ರೆಯನ್ನು ಸಾಮಾನ್ಯವಾಗಿ ಅರಸರು, ಧರ್ಮಾಧಿಕಾರಿಗಳು ಹಾಗೂ ನ್ಯಾಯಾಧೀಶರನ್ನು ಕೇಂದ್ರವಾಗಿಟ್ಟುಕೊಂಡು ಬರೆಯಲಾಗಿದೆ. ಅವರ ಮಗ್ಗುಲಲ್ಲಿ ಕುಳಿತು ಬರೆದುಕೊಂಡವನತ್ತ ವಿದ್ವಾಂಸರ ಗಮನ ಹರಿದದ್ದು ಕಡಿಮೆ. ಆಡಿದ ಮಾತುಗಳಲ್ಲಿ ಯಾವುದು ದಾಖಲೆಯಾಗಬೇಕು, ಬರೆದವನ ಕೂಲಿಯನ್ನು ಯಾರು ತೆರಬೇಕು ಎಂಬ ಎರಡು ಪ್ರಶ್ನೆಗಳು ಕನ್ನಡ ನಾಡಿನಲ್ಲಿ ಬಹು ಹಳೆಯವು, ಒಂದಕ್ಕೊಂದು ಹೆಣೆದುಕೊಂಡಂಥವು.

ಕಲ್ಯಾಣ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ 'ಮಿತಾಕ್ಷರಾ' ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ವಾದಿಯ ಹೇಳಿಕೆಯನ್ನು ಪ್ರತಿವಾದಿಯ ಎದುರಿನಲ್ಲಿಯೇ, ವರ್ಷ, ಮಾಸ, ದಿನ, ಹೆಸರುಗಳ ಸಹಿತ ಬರೆಯಬೇಕೆಂಬುದು ಆ ಸ್ಮೃತಿಯ ವಿಧಿ. ಮೊದಲು ಹಲಗೆಯ ಮೇಲೆ ಬಳಪದಿಂದ ಬರೆದು, ತಿದ್ದಿದ ಬಳಿಕ ಪತ್ರಕ್ಕೆ ಏರಿಸಬೇಕೆಂದು ಕಾತ್ಯಾಯನ ಹೇಳುತ್ತಾನೆ. ಆಡಿದ್ದೊಂದು, ಬರೆದದ್ದೊಂದು ಆದರೆ ಬರೆದವನಿಗೆ ಕಳ್ಳನಿಗೆ ವಿಧಿಸುವ ಶಿಕ್ಷೆ. ವಾದ, ಉತ್ತರ, ಪ್ರಮಾಣ, ನಿರ್ಣಯ ಇವು ನಾಲ್ಕನ್ನೂ ಒಳಗೊಂಡ ಜಯಪತ್ರವು ಗೆದ್ದವನ ಕೈಸೇರುತ್ತಿತ್ತು. ಸಾಲದ ವ್ಯಾಜ್ಯದಲ್ಲಿ ಸೋತ ಸಾಲಗಾರ ಅರಸನಿಗೆ ನೂರಕ್ಕೆ ಹತ್ತನ್ನು ತೆತ್ತರೆ, ಗೆದ್ದ ಸಾಲಿಗನೂ ನೂರಕ್ಕೆ ಐದನ್ನು ತೆರಬೇಕಿತ್ತು. ಹತ್ತು ದಂಡವಾದರೆ, ಐದು ಭೃತಿ. "ಗೆದ್ದವನು ಸೋತ, ಸೋತವನು ಸತ್ತ" ಎಂಬ ಜನಪದರ ಗಾದೆಗೆ ಶಾಸ್ತ್ರದಲ್ಲಿಯೇ ಆಧಾರವಿದೆ ಎನ್ನಬಹುದು.

ಹಳ್ಳಿಯ ಮಟ್ಟದಲ್ಲಿ ಚಿತ್ರ ಬೇರೆಯಾಗಿತ್ತು. ಶಾಸನಗಳ ಸೇನಬೋವನೇ ಮುಂದೆ ಶಾನುಭೋಗನಾದ. ಹುಣಿಸೆ ಬೀಜದ ಅಂಟು ಮತ್ತು ಇದ್ದಿಲನ್ನು ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಬರೆದ ಲೆಕ್ಕ ಅವನ ವಶದಲ್ಲಿರುತ್ತಿತ್ತು. ಅವನ ಪ್ರತಿಫಲ ಇನಾಮು ಜಮೀನು ಮತ್ತು ರೈತರು ಕೊಡುವ ಪಾಲು. ಊರ ಕಟ್ಟೆಯ ನ್ಯಾಯಕ್ಕಾದರೋ ಊರವರ ನೆನಪೇ ದಾಖಲೆ. ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆಯು 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯ ಶಾನುಭೋಗಿಕೆ ಕೊನೆಗೊಂಡಿತು.

ಬ್ರಿಟಿಷ್ ಭಾರತದ 1870ರ ಕೋರ್ಟು ಶುಲ್ಕ ಕಾಯಿದೆಯು ಹೈಕೋರ್ಟುಗಳ ಗುಮಾಸ್ತರಿಗೂ ಅಧಿಕಾರಿಗಳಿಗೂ ಸಲ್ಲುತ್ತಿದ್ದ ಶುಲ್ಕವನ್ನು ಛಾಪಾ ಮೂಲಕವೇ ವಸೂಲು ಮಾಡಬೇಕೆಂದು ಗೊತ್ತುಪಡಿಸಿತು. ಬರೆಯುವ ಕೈ ಹಾಗೂ ಹಣ ಪಡೆಯುವ ಕೈ ಹೀಗೆ ಬೇರೆಯಾದವು. ನಮ್ಮ ರಾಜ್ಯದಲ್ಲಿ 1958ರ ಕೋರ್ಟು ಶುಲ್ಕ ಮತ್ತು ದಾವೆಗಳ ಮೌಲ್ಯಮಾಪನ ಕಾಯಿದೆ ಈ ವಿಷಯವನ್ನು ನಿಯಂತ್ರಿಸುತ್ತದೆ. ದಾಖಲೆಯ ಎಲ್ಲೆಯನ್ನು 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 13ನೆಯ ಆದೇಶ ಸ್ಪಷ್ಟಪಡಿಸಿದೆ: ಸಾಕ್ಷ್ಯವಾಗಿ ಅಂಗೀಕೃತವಾದ ದಸ್ತಾವೇಜು ಮಾತ್ರ ದಾವೆಯ ಕಡತದ ಭಾಗ, ಅಂಗೀಕಾರವಾಗದ್ದು ತಂದವನಿಗೇ ಹಿಂದಕ್ಕೆ.

ಈ ಎಲ್ಲೆಯ ಮಹತ್ವ ಮಂಡ್ಯದಂತಹ ನೀರಾವರಿ ಸೀಮೆಯಲ್ಲಿ ಎದ್ದುಕಾಣುತ್ತದೆ. ವಿ.ಸಿ. ಫಾರಂ ಎಂಬ ಹೆಸರಿನಲ್ಲಿಯೇ ವಿಶ್ವೇಶ್ವರಯ್ಯ ಕಾಲುವೆ ಅಡಗಿದೆ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜಸಾಗರದಿಂದ ಹೊರಡುವ ಈ ಕಾಲುವೆಗೆ ಮೊದಲಿದ್ದ ಹೆಸರು ಇರ್ವಿನ್ ಕಾಲುವೆ. ಮಂಡ್ಯ, ಮದ್ದೂರು, ಮಳವಳ್ಳಿಗಳ ಬೆದ್ದಲು ಗದ್ದೆಯಾಯಿತು; 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಕಾಲುವೆಯ ನೀರಿಗೆ ಇಲಾಖೆಯ ಪುಸ್ತಕವಿದೆ. ಹಳೆಯ ಕೆರೆಯ ಸರದಿ ಮಾತ್ರ ನೀರುಗಂಟಿಯ ನೆನಪಿನಲ್ಲಿತ್ತು. ಅವನ ಕೂಲಿ ಕಣದಲ್ಲಿ ಧಾನ್ಯವಾಗಿ ಸಲ್ಲುತ್ತಿತ್ತು.

ಇಂತಹ ನೆನಪಿಗೆ ನ್ಯಾಯಾಲಯದ ಬಾಗಿಲು ಮುಚ್ಚಿಲ್ಲ. ರೂಢಿಯನ್ನು ಬಲ್ಲವರ ಅಭಿಪ್ರಾಯ ಪ್ರಸ್ತುತವೆಂದು 1872ರ ಸಾಕ್ಷ್ಯ ಅಧಿನಿಯಮದ 48ನೆಯ ಪ್ರಕರಣ ಒಪ್ಪಿತ್ತು. ಒಂದು ಊರಿನವರಿಗೆ ಒಂದು ಬಾವಿಯ ನೀರಿನ ಮೇಲಿರುವ ಹಕ್ಕನ್ನೇ ಅದು ಉದಾಹರಣೆಯಾಗಿ ನೀಡಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಯಲ್ಲಿದೆ. ಆದರೆ ಬಲ್ಲವನು ಕಟಕಟೆಗೆ ಬರಬೇಕು. ಅವನನ್ನು ಕರೆಸುವವನು ಪ್ರಯಾಣದ ವೆಚ್ಚವನ್ನು ನ್ಯಾಯಾಲಯದಲ್ಲಿ ಕಟ್ಟಬೇಕು. ಅವನ ಮಾತು ಬರಹವಾಗಬೇಕು. ಆ ಬರಹವನ್ನು ಮರಳಿ ಪಡೆಯಲು ನಕಲಿನ ಶುಲ್ಕ ಬೇರೆ. ದೃಢೀಕೃತ ನಕಲನ್ನು ಮಾಹಿತಿ ಹಕ್ಕಿನ ಮೂಲಕವಲ್ಲ, ಹೈಕೋರ್ಟಿನ ನಿಯಮಗಳ ಮೂಲಕವೇ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ತೀರ್ಪಿತ್ತಿದೆ.

ಶುಲ್ಕ ತೆರಲಾರದವನ ಪಾಲಿಗೆ, ಆದ್ದರಿಂದ, ನಷ್ಟ ಹಣದ್ದಷ್ಟೇ ಅಲ್ಲ. ಅವನು ಬಲ್ಲ ಸಾಕ್ಷಿ ಕಟಕಟೆಗೆ ಬಾರದಿದ್ದರೆ ಊರಿನ ಹಕ್ಕೊಂದು ಕಡತದ ಹೊರಗುಳಿಯುತ್ತದೆ. ನ್ಯಾಯಾಲಯದ ದಾಖಲೆಗಳನ್ನು ಆಕರವಾಗಿ ಬಳಸುವ ಸಂಶೋಧಕರು ಬರೆದದ್ದರ ಜೊತೆಗೆ, ಬರಹಕ್ಕೆ ಏರದೆ ಉಳಿದ ಮಾತನ್ನೂ ಅರಸುವುದು ಅವಶ್ಯ.